ನೀಲಿ ಅನಿಸುತ್ತಿದೆಯೇ?

ನಮ್ಮ ಸೀಮೆಯಲ್ಲಿ ಊರಿನ ಹೆಸರಿನ ಕೊನೆಗೆ ಸಮುದ್ರ ಅಂತ ಬಂದರೆ ಅಲ್ಲಿ ಯಾವನೋ ಪುಣ್ಯಾತ್ಮ ಒಂದು ಕಾಲಕ್ಕೆ ಕೆರೆ ಕಟ್ಟಿಸಿದ್ದ ಅಂತ ಅರ್ಥ. ಕೆರೆ ತುಂಬುವುದು ಬಿಡುವುದು ಮಳೆಯ ಇಷ್ಟ, ಹೆಸರು ಮಾತ್ರ ಬತ್ತುವುದಿಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಇಂಥ ಎಷ್ಟೋ ಸಮುದ್ರಗಳನ್ನು ಬೇಸಿಗೆಯಲ್ಲಿ ಚಪ್ಪಲಿ ಕೂಡ ಕಳಚದೆ ದಾಟಬಹುದು. ಪಾವಗಡದ ಬಲಸಮುದ್ರಕ್ಕೆ ಮಾತ್ರ ಕಡೆಗೂ ಹೆಸರಿಗೆ ತಕ್ಕ ನೀಲಿ ಬಂತು. ದಿಣ್ಣೆ ಹತ್ತಿ ನೋಡಿದರೆ ಕಣ್ಣು ಸೋಲುವವರೆಗೂ ನೀಲಿ. ತೆರೆ ಇಲ್ಲ, ಮೀನಿಲ್ಲ, ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತದೆ.

ಇದರ ಸರ್ಕಾರಿ ಹೆಸರು 'ಶಕ್ತಿ ಸ್ಥಳ'. ತಿರುಮಣಿ, ಬಲಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರಿನ 13,000 ಎಕರೆ, 2,050 ಮೆಗಾವಾಟ್ ಸೌರ ವಿದ್ಯುತ್. 2018ರ ಮಾರ್ಚ್ 1ರಂದು ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಉದ್ಘಾಟನೆ ಮಾಡಿದರು, 2019ರ ಕೊನೆಗೆ ಪೂರ್ತಿಯಾಯಿತು. ಜಮೀನನ್ನು ಯಾರೂ ಕಸಿಯಲಿಲ್ಲ, ಕೊಳ್ಳಲೂ ಇಲ್ಲ. ಗುತ್ತಿಗೆಗೆ ತಗೊಂಡರು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ದಿನಕ್ಕೆ ಹಂಚಿದರೆ ಎಕರೆಗೆ ಐವತ್ತೇಳೂವರೆ ರೂಪಾಯಿ. ಕಡ್ಲೆಕಾಯಿ ಬಿತ್ತಿ, ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡು, ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡವನಿಗೆ ಈ ಐವತ್ತೇಳೂವರೆ ಸಣ್ಣ ಮೊತ್ತವಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವನಿಗೆ. ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳ ಹೆಸರು ಪಹಣಿಯ ಯಾವ ಕಾಲಂನಲ್ಲೂ ಇರಲಿಲ್ಲ. ಬೀಳು ಹೊಲದಲ್ಲಿ ಮೇಯುತ್ತಿದ್ದ ಕುರಿಗಳದ್ದೂ ಇರಲಿಲ್ಲ.

ಈಗ ಈ ಊರಿಗೆ ಒಬ್ಬ ಸಂಶೋಧಕರನ್ನು ಬಸ್ಸಿನಿಂದ ಇಳಿಸೋಣ. ಹೆಸರು ಬೇಡ. ಇಲ್ಲದ ಹೆಸರು ಇಟ್ಟರೂ ನಾಳೆ ನಾಲ್ಕು ಜನ 'ಅದು ನಾನೇ' ಅಂತ ಸಂಪಾದಕರಿಗೆ ಕಾಗದ ಬರೆಯುತ್ತಾರೆ. ಬೆನ್ನಿಗೊಂದು ಚೀಲ, ಕೈಯಲ್ಲಿ ಟ್ಯಾಬು, ಕತ್ತಿನಲ್ಲಿ ಗುರುತಿನ ಚೀಟಿ. ಅವರ ವಿಷಯ: ನಿರಾಶ್ರಿತರ ಆಘಾತ ಮತ್ತು ಮಾನಸಿಕ ಆರೋಗ್ಯ.

ನಿರಾಶ್ರಿತರ ವಿಷಯದಲ್ಲಿ ಕರ್ನಾಟಕ ಬಡ ರಾಜ್ಯವೇನಲ್ಲ. 1960ರಲ್ಲಿ ಬೈಲಕುಪ್ಪೆಗೆ ಟಿಬೆಟನ್ನರು ಬಂದರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದಾಚೆಯ ಒಡೆಯರಪಾಳ್ಯ. ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರಿದ್ದಾರೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಲಂಕೆಯಿಂದ ಬಂದ ತಮಿಳರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿದ್ದಾರೆ. ಮೂರು ಕಡೆಯವರೂ ಊರು ಕಳಕೊಂಡವರೇ. ಆದರೆ ಸಂಶೋಧನೆಗೂ ಹವಾಗುಣ ಅಂತ ಒಂದಿದೆ. ಬೈಲಕುಪ್ಪೆಯಲ್ಲಿ ಚಿನ್ನದ ಬುದ್ಧ, ಬಿಸಿ ಮೊಮೊ, ಹೊಳೆ ದಾಟಿದರೆ ಕೊಡಗು. ಸುಳ್ಯದಲ್ಲಿ ಜಿಗಣೆ. ಸಿಂಧನೂರಿನಲ್ಲಿ ಮೇ ತಿಂಗಳು. ಯಾರ ಆಘಾತ ಹೆಚ್ಚು ಅಧ್ಯಯನಯೋಗ್ಯ ಅನ್ನುವುದನ್ನು ಎಷ್ಟೋ ಸಲ ಥರ್ಮಾಮೀಟರೇ ತೀರ್ಮಾನಿಸಿಬಿಡುತ್ತದೆ.

ಹಾಗಂತ ಟಿಬೆಟನ್ನರು ಸಂಶೋಧಕರಿಗೆ ತೊಂದರೆ ಕೊಡದೆ ಬಿಟ್ಟಿಲ್ಲ. ಹಿಮ ದಾಟಿ ಧರ್ಮಶಾಲೆಗೆ ಬಂದಿಳಿದ 769 ಜನರನ್ನು ವಿಚಾರಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಸೆರೆಮನೆ ಕಂಡವರಿದ್ದರು, ಚಿತ್ರಹಿಂಸೆ ಅನುಭವಿಸಿದವರಿದ್ದರು. ಆದರೂ ಮನೋವ್ಯಥೆಯ ಅಂಕ ಮಾತ್ರ ತೀರಾ ಕಡಿಮೆ ಬಂತು. 2001ರ ಇನ್ನೊಂದು ಅಧ್ಯಯನದಲ್ಲಿ ಟಿಬೆಟನ್ನರು ತಮ್ಮ ಧರ್ಮದ ಕುರುಹುಗಳು ನಾಶವಾದದ್ದನ್ನು ಅತಿ ಘೋರ ಘಟನೆಗಳ ಸಾಲಿಗೆ ಸೇರಿಸಿದರು. ಮೈಮೇಲಿನ ಗಾಯ ಎಣಿಸಲು ಬಂದವರಿಗೆ ಅವರು ಒಡೆದ ಮಠ ತೋರಿಸಿದಂತಾಯಿತು. ಅವರದೇ ವೈದ್ಯದಲ್ಲಿ 'ಸೋಕ್ ಲುಂಗ್' ಅಂತ ಒಂದು ಬೇನೆ ಇದೆ. ಪ್ರಾಣವಾಯು ಕದಡಿ ಎದೆ ಡವಗುಟ್ಟುವುದು, ನಿದ್ದೆ ಹಾರಿಹೋಗುವುದು. ಲುಂಗ್ ಎಂದರೆ ಗಾಳಿ. ನಮ್ಮಜ್ಜಿಯರು ಅದನ್ನೇ ಗಾಳಿ ಸೋಕಿದೆ ಅನ್ನುತ್ತಾರೆ. ಲಾಸಾಕ್ಕೂ ಪಾವಗಡಕ್ಕೂ ಯಾರೂ ಫೋನು ಮಾಡಿ ಮಾತಾಡಿಕೊಂಡದ್ದಲ್ಲ.

ಇರಲಿ. ಸಂಶೋಧನೆಗೆ ಇದರಿಂದ ನಷ್ಟವೇನಿಲ್ಲ. ಅಂಕ ಜಾಸ್ತಿ ಬಂದರೆ 'ದುರ್ಬಲ ಸಮುದಾಯ' ಅಂತ ಒಂದು ಪ್ರಬಂಧ, ಕಡಿಮೆ ಬಂದರೆ 'ಚೇತರಿಕೆಯ ಶಕ್ತಿ' ಅಂತ ಇನ್ನೊಂದು ಪ್ರಬಂಧ. ನಮ್ಮ ಕಡ್ಲೆಕಾಯಿಗೆ ಈ ಭಾಗ್ಯ ಇರಲಿಲ್ಲ; ಮಳೆ ಹೆಚ್ಚಾದರೂ ಹೋಯಿತು, ಕಡಿಮೆಯಾದರೂ ಹೋಯಿತು.

ಸಂಶೋಧಕರು ಬಲಸಮುದ್ರದ ಅರಳಿಕಟ್ಟೆಯ ಮೇಲೆ ಕೂತು ಮೊದಲು ಒಂದು ತಾಂತ್ರಿಕ ತೊಡಕು ಬಿಡಿಸಿಕೊಳ್ಳಬೇಕಾಯಿತು. ಇವರು ನಿರಾಶ್ರಿತರೇ? 1951ರ ಜಿನೀವಾ ಒಡಂಬಡಿಕೆಯ ಪ್ರಕಾರ ನಿರಾಶ್ರಿತನಾಗಲು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ, ಈ ಐದರಲ್ಲೊಂದು ಕಾರಣಕ್ಕೆ ಕಿರುಕುಳದ ಭಯವಿರಬೇಕು, ದೇಶದ ಗಡಿಯನ್ನೂ ದಾಟಿರಬೇಕು. ಭಾರತ ಆ ಕಾಗದಕ್ಕೆ ಸಹಿಯನ್ನೇ ಹಾಕಿಲ್ಲ, ಅದು ಬೇರೆ ಮಾತು. ಪಟ್ಟಿಯಲ್ಲಿ ಬರ ಇಲ್ಲ. ಮಳೆರಾಯ ಜಾತಿ ಧರ್ಮ ನೋಡಿ ಓಡಿಸುವುದಿಲ್ಲ, ಎಲ್ಲರನ್ನೂ ಸಮನಾಗಿ ಓಡಿಸುತ್ತಾನೆ. ಆದ್ದರಿಂದ ಅದು ಕಿರುಕುಳವಲ್ಲ. ಗಡಿಯ ವಿಷಯಕ್ಕೆ ಬಂದರೆ ಇಲ್ಲಿಂದ ಸ್ವಲ್ಪ ದೂರ ನಡೆದರೆ ಆಂಧ್ರ. ಅಲ್ಲಿಗೆ ನಮ್ಮ ಜನ ದಿನಾ ಹೋಗಿ ದಿನಾ ಬರುತ್ತಾರೆ. ಮಾವನ ಮನೆಗೆ ಹೋಗುವುದನ್ನು ದೇಶಾಂತರ ಅನ್ನಲು ಬರುವುದಿಲ್ಲ.

ಕಡೆಗೆ 'ನಿರಾಶ್ರಿತಸದೃಶ ಸಮುದಾಯ' ಎಂಬ ಪದ ಹೊಳೆಯಿತು. ಕೆಲಸ ಶುರುವಾಯಿತು.

ಮೊದಲು ಒಪ್ಪಿಗೆ ಪತ್ರ. ಕಟ್ಟೆಯ ತುದಿಯಲ್ಲಿದ್ದ ತಾತನಿಗೆ ಓದಿ ಹೇಳಿದರು: "ನೀವು ಸ್ವಇಚ್ಛೆಯಿಂದ ಭಾಗವಹಿಸುತ್ತಿದ್ದೀರಿ. ಯಾವ ಕ್ಷಣದಲ್ಲಿ ಬೇಕಾದರೂ, ಯಾವ ಕಾರಣವನ್ನೂ ಕೊಡದೆ, ಹಿಂದೆ ಸರಿಯಬಹುದು. ಅದರಿಂದ ನಿಮಗೆ ಯಾವ ನಷ್ಟವೂ ಆಗುವುದಿಲ್ಲ."

ತಾತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಇದನ್ನ ಇನ್ನೊಂದ್ಸಲ ಓದಿ ಸಾರ್."

ಓದಿದರು.

"ಈ ಮಾತು ಆ ಅಗ್ರಿಮೆಂಟಲ್ಲಿ ಯಾಕ್ ಬರೀಲಿಲ್ಲ ಸಾರ್ ಅವ್ರು? ಸ್ವಇಚ್ಛೆ ಅಂತ ಅದ್ರಾಗೂ ಇತ್ತು. ಹಿಂದಕ್ ಸರೀಬೋದು ಅನ್ನೋದೊಂದು ಇರ್ಲಿಲ್ಲ."

ಸಂಶೋಧಕರು 'ಭಾಗಿದಾರರು ಸಂಬಂಧವಿಲ್ಲದ ವಿಷಯ ಎತ್ತಿದರು' ಅಂತ ಗುರುತು ಹಾಕಿಕೊಂಡರು. ಹೆಬ್ಬೆಟ್ಟು ಮಸಿಯಾಯಿತು.

ಆಮೇಲೆ ಅಜ್ಜಿಯೊಬ್ಬಳ ಸರದಿ. ಅವಳು ಪಹಣಿ ಇಲ್ಲದ ಪೈಕಿ. ಸಂಶೋಧಕರ ಬಳಿ ಎರಡು ಅಳತೆಗೋಲುಗಳಿದ್ದವು. ಒಂದು ಹಾರ್ವರ್ಡಿನದು, ಇಂಡೋಚೈನಾದ ಯುದ್ಧಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರಿಗಾಗಿ ಹೊಲಿದ ಅಂಗಿ. ಇನ್ನೊಂದು ಹಾಪ್‌ಕಿನ್ಸ್ ಹೆಸರಿನದು. ಇಪ್ಪತ್ತೈದು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಮನೆ: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ವಿಪರೀತ. ಒಂದರಿಂದ ನಾಲ್ಕರವರೆಗೆ ಅಂಕ. ಕೂಡಿಸಿ ಇಪ್ಪತ್ತೈದರಿಂದ ಭಾಗಿಸಿದಾಗ 1.75 ಮುಟ್ಟಿದರೆ ನಿಮ್ಮ ಮನಸ್ಸಿಗೆ ಕಾಯಿಲೆ ಇರುವ ಸಂಭವ. 1.74 ಬಂದರೆ ಮನೆಗೆ ಹೋಗಿ ಮುದ್ದೆ ತೊಳಸಬಹುದು.

ಹಾರ್ವರ್ಡಿನ ಪಟ್ಟಿಯ ಮೊದಲ ಪ್ರಶ್ನೆಯೇ ಅನ್ನ ನೀರಿನ ಅಭಾವದ್ದು. ಸ್ವತಃ ಅನುಭವಿಸಿದ್ದೀರಾ, ಕಣ್ಣಾರೆ ಕಂಡಿದ್ದೀರಾ, ಬೇರೆಯವರಿಂದ ಕೇಳಿದ್ದೀರಾ, ಅಥವಾ ಇಲ್ಲವೇ?

"ನೀರಿಲ್ಲದ್ದು ಕಂಡಿದೀಯಾ ಅಂತ ಕೇಳ್ತೀಯಾ?" ಅಜ್ಜಿ ನಕ್ಕಳು. "ನೀರು ಕಂಡಿದೀಯಾ ಅಂತ ಕೇಳು ಕಣಪ್ಪ. ಬೇಗ ಮುಗೀತದೆ."

ಕಂಡ ನೀರೂ ಎಂಥದ್ದು. ಪಾವಗಡದ ಕೊಳವೆಬಾವಿಯಲ್ಲಿ ಫ್ಲೋರೈಡು. ಹಲ್ಲಿಗೆ ಕಂದು ಪಟ್ಟೆ, ಮಂಡಿಗೆ ಬಿಗಿತ. ಎಷ್ಟು ಆಳಕ್ಕೆ ಕೊರೆದರೂ ನೀರು ಸಿಕ್ಕರೆ ಪುಣ್ಯ, ಸಿಕ್ಕ ನೀರಲ್ಲಿ ವಿಷ. ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ನಿಲ್ಲುವ ಬಿಂದಿಗೆಗಳ ಸಾಲಿಗೆ ಹಾರ್ವರ್ಡಿನ ಪಟ್ಟಿಯಲ್ಲಿ ಮನೆಯೇ ಇರಲಿಲ್ಲ.

"ಆ ಘಟನೆ ಮತ್ತೆ ನಡೆಯುತ್ತಿರುವಂತೆ ಅನಿಸುತ್ತದೆಯೇ?"

"ಯಾವುದು?"

"ನಿಮಗೆ ಆಘಾತ ಕೊಟ್ಟ ಘಟನೆ."

"ಮತ್ತೆ ಏನ್ ಬಂತು, ಅದು ನಿಂತೇ ಇಲ್ವಲ್ಲ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಘಾತೋತ್ತರ ಒತ್ತಡದ ಕಾಯಿಲೆ ಅನ್ನುವುದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧ ಮುಗಿದು ಮನೆಗೆ ಮರಳಿದ ಸೈನಿಕರ ನೋವು ಅದರ ಹಿಂದಿತ್ತು. ಯುದ್ಧ ಅಲ್ಲಿ, ಮನೆ ಇಲ್ಲಿ. ಆಘಾತ ಹಿಂದೆ, ಒತ್ತಡ ಈಗ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆಘಾತ 'ಉತ್ತರ'ಕ್ಕೆ ಬರಬೇಕಾದರೆ ಮೊದಲು ಅದು ಮುಗಿಯಬೇಕಲ್ಲ. ನಮ್ಮ ತಾಲೂಕುಗಳಲ್ಲಿ ಬರದ ಘೋಷಣೆ ಯುಗಾದಿಯ ಪಂಚಾಂಗದಷ್ಟೇ ನಿಯಮಿತ. ಇಲ್ಲಿ ಆಘಾತ ಉಂಟು, ಉತ್ತರ ಕೊಡುವವರಿಲ್ಲ.

ಹಾಪ್‌ಕಿನ್ಸ್ ಪಟ್ಟಿ ಸಲೀಸಾಗಿ ಸಾಗಿತು. ಎದೆ ಡವಡವ: ಸ್ವಲ್ಪ. ನಿದ್ದೆ ಬರದಿರುವುದು: ಸ್ವಲ್ಪ. ಎಲ್ಲದಕ್ಕೂ ನೀವೇ ಕಾರಣ ಅನಿಸುವುದು: "ನಾನ್ಯಾಕ್ ಕಾರಣ, ನನ್ ಮಾತು ಯಾರ್ ಕೇಳವ್ರೆ?" ಇಲ್ಲವೇ ಇಲ್ಲ. ಸಿಕ್ಕಿಹಾಕಿಕೊಂಡ ಹಾಗೆ ಅನಿಸುವುದು: ಅಜ್ಜಿ ತಂತಿಬೇಲಿಯ ಕಡೆ ಕೈ ತೋರಿಸಿ, ಮೊದಲು ಹೊಳೆದಂಡೆಗೆ ಇಷ್ಟು ದೂರ, ಈಗ ಸುತ್ತಿ ಹೋದರೆ ಇಷ್ಟು ದೂರ ಅಂತ ವಿವರಿಸಿದಳು, ಭೂಗೋಳಕ್ಕೆ ಅಂಕವಿರಲಿಲ್ಲ. ದಾಂಪತ್ಯ ಸುಖದಲ್ಲಿ ಆಸಕ್ತಿ ಕುಗ್ಗಿದೆಯೇ ಎಂಬುದನ್ನು ಎಪ್ಪತ್ತು ದಾಟಿದವಳ ಮುಂದೆ ಬಾಯಿ ಬಿಟ್ಟು ಕೇಳಲಾಗದೆ ಸಂಶೋಧಕರು ತಾವೇ ಒಂದು ಗುರುತು ಹಾಕಿಕೊಂಡರು. ಅವರು ಕೆಟ್ಟವರೇನಲ್ಲ, ನೋಡಿ.

ಆಮೇಲೆ ಬಂದದ್ದು ಆ ಪ್ರಶ್ನೆ. ಇಂಗ್ಲಿಷಿನಲ್ಲಿ ಮಂಕು ಕವಿದಿದ್ದನ್ನು ಹೇಳಲು ನೀಲಿ ಬಣ್ಣವನ್ನು ಬಳಸುತ್ತಾರೆ. ಮೂಲದಲ್ಲಿ ಅದಿತ್ತು. ಅನುವಾದವನ್ನು ಯಂತ್ರಕ್ಕೆ ಒಪ್ಪಿಸಿದ್ದರು. ಯಂತ್ರ ನಿಯತ್ತಿನಿಂದ ಮಾಡಿಕೊಟ್ಟಿತ್ತು.

"ಅಜ್ಜಿ, ನಿಮಗೆ ನೀಲಿ ಅನಿಸುತ್ತಿದೆಯೇ?"

ಅಜ್ಜಿ ಮೊದಲ ಸಲ ಸುಮ್ಮನಾದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ದೂರ ನೋಡಿದಳು.

"ಅನ್ಸೋದೇನಪ್ಪ. ಕಣ್ ಬಿಟ್ರೆ ಅದೇ. ಅಗೋ, ಆ ಕಂಬದ ತಾವ ನಾನು ಹದಿನಾರು ವರ್ಸದೋಳಿದ್ದಾಗ್ಲಿಂದ ಕಡ್ಲೆಕಾಯಿ ಕಿತ್ತಿದೀನಿ. ಹೊಲ ನಂದಲ್ಲ, ಗೌಡರ್ದು. ಆದ್ರೆ ಯಾವ ಸಾಲಲ್ಲಿ ಕಲ್ಲು ಸಿಗ್ತದೆ, ಎಲ್ಲಿ ಮಣ್ಣು ಮೆತ್ತಗೈತೆ ಅಂತ ಗೌಡ್ರಿಗಿಂತ ನಂಗೆ ಗೊತ್ತಿತ್ತು. ಹುಣಸೆ ಮರದ ಕೆಳಗೆ ಮಗೂನ್ ಮಲಗಿಸ್ತಿದ್ದೆ. ಈಗ ಮರ ಎಲ್ಲಿತ್ತು ಅಂತ್ಲೇ ಗೊತ್ತಾಗಕಿಲ್ಲ. ಎಲ್ಲಾ ನೀಲಿ."

"ಹಾಗಾದ್ರೆ ಯಾವ ಮನೆಗೆ ಹಾಕ್ಲಿ?"

"ಕೊನೇದಕ್ಕೆ ಹಾಕು."

ವಿಪರೀತ. ನಾಲ್ಕು ಅಂಕ.

ಸಂಜೆ ಲಾಡ್ಜಿನಲ್ಲಿ ಕೂಡಿಸಿದಾಗ ಅಜ್ಜಿಗೆ ಒಟ್ಟು 45. ಇಪ್ಪತ್ತೈದರಿಂದ ಭಾಗಿಸಿದರೆ 1.80. ಗೆರೆ ದಾಟಿದಳು! ಸಂಶೋಧಕರು ಖುಷಿಯಿಂದ ಇನ್ನೊಂದು ಟೀ ತರಿಸಿದರು. ಟೀ ಬರುವಷ್ಟರಲ್ಲಿ ಅನುವಾದದ ತಪ್ಪು ಕಣ್ಣಿಗೆ ಬಿತ್ತು. ಪ್ರಾಮಾಣಿಕರು, ತಪ್ಪು ಪ್ರಶ್ನೆಗೆ ಬಂದ ಉತ್ತರ ಉಳಿಸಿಕೊಳ್ಳಬಾರದು ಅಂತ ನಾಲ್ಕನ್ನು ಹೊಡೆದು ಒಂದು ಮಾಡಿದರು. 42. 1.68. ಅಜ್ಜಿ ಆರೋಗ್ಯವಂತಳಾದಳು.

ಬೇಲಿಯ ಒಳಗೆ ಇಷ್ಟು ಗೊಂದಲವಿಲ್ಲ. ಅಲ್ಲಿ ಗಾಜಿನ ಫಲಕಗಳ ಸಾಲು ಸಾಲಿಗೂ ಅಳತೆಯಿದೆ. ಯಾವ ಸಾಲಿನಲ್ಲಿ ಕರೆಂಟು ತುಸು ಇಳಿಯಿತು ಅಂತ ಕಂಟ್ರೋಲ್ ರೂಮಿನ ಪರದೆ ಹೇಳುತ್ತದೆ. ಧೂಳು ಕೂತಿದೆಯೇ, ನೆರಳು ಬಿದ್ದಿದೆಯೇ, ಹಕ್ಕಿ ಗಲೀಜು ಮಾಡಿದೆಯೇ, ನೋಡಲು ಆಳು ಓಡುತ್ತಾನೆ. ಫಲಕಕ್ಕೆ ಮಂಕು ಕವಿದರೆ ಅಂದೇ ಮೈತೊಳೆದು ಒರೆಸುತ್ತಾರೆ. ಒರೆಸುವವನು ಕಳೆದ ವರ್ಷದವರೆಗೂ ಕುರಿ ಕಾಯುತ್ತಿದ್ದ. ಅವನಿಗೆ ಮಂಕು ಕವಿದರೆ ಮೇಸ್ತ್ರಿ ರಜೆ ಲೆಕ್ಕ ಬರೆಯುತ್ತಾನೆ. ಊರಿನ ಜನ ಮನಸ್ಸು ಸರಿಯಿಲ್ಲದ್ದಕ್ಕೆ ಸುಸ್ತು ಅನ್ನುತ್ತಾರೆ, ಯೋಚನೆ ಅನ್ನುತ್ತಾರೆ, ನರ ವೀಕ್ ಅನ್ನುತ್ತಾರೆ. ಪೇಟೆಗೆ ಹೋಗಿ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತಾರೆ. ಅದು ಅವರಿಗೆ ಗೊತ್ತಿರುವ ಫಲಕ ತೊಳೆಯುವ ವಿಧಾನ.

ಸರ್ಕಾರ ಕಣ್ಣು ಮುಚ್ಚಿ ಕೂತಿದೆ ಅಂದರೆ ಪಾಪ ಬಂದೀತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿಗೂ ಮದ್ದು ಕೊಡಬಹುದು ಅಂತ 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ನಿಮ್ಹಾನ್ಸ್, ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ಅದೇ ಮಾದರಿ ದೇಶದ ಕಾರ್ಯಕ್ರಮವಾಯಿತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಮುನ್ನಡೆಸಿದ್ದೂ ನಿಮ್ಹಾನ್ಸೇ. ಅಳತೆಗೋಲು ಸರಿಯಿದೆಯೇ ಅಂತ ಮೊದಲು ಕೋಲಾರದಲ್ಲಿ ಇಟ್ಟು ನೋಡಿದರು. ಆಮೇಲೆ 12 ರಾಜ್ಯಗಳನ್ನು ಅಳೆದರು. ಅದರಲ್ಲಿ ಕರ್ನಾಟಕ ಇರಲಿಲ್ಲ. ಸಾರಿಗೆ ಉಪ್ಪು ಹಿಡಿದಿದೆಯೇ ನೋಡಲು ನಮ್ಮ ನಾಲಿಗೆ, ಎಲೆ ಹಾಕಿದ್ದು ಬೇರೆ ಮನೆಯಲ್ಲಿ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಬಂತು. 14416ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ ಮಾತಾಡುತ್ತಾರೆ, ಕನ್ನಡದಲ್ಲೇ. ಆಚೆ ತುದಿಯಲ್ಲಿ ಕೂತವರು ನಿಜಕ್ಕೂ ಕೇಳಿಸಿಕೊಳ್ಳುವವರು. ಈಚೆ ತುದಿಯ ತೊಡಕು ಏನೆಂದರೆ ಅಜ್ಜಿಯ ಮನೆಯ ಫೋನು ಮೊಮ್ಮಗನ ಜೇಬಿನಲ್ಲಿದೆ, ಮೊಮ್ಮಗ ಬೆಂಗಳೂರಿನಲ್ಲಿದ್ದಾನೆ.

ಇಷ್ಟೆಲ್ಲ ಆದಮೇಲೆ ನನಗೊಂದು ಅನುಮಾನ. ಸಂಶೋಧಕರು ಬೇಲಿಯ ತಪ್ಪು ಬದಿಯಲ್ಲಿ ಕೂತು ನಿರಾಶ್ರಿತರನ್ನು ಹುಡುಕಿದರೇನೋ. ಬೈಲಕುಪ್ಪೆಯಲ್ಲಿ ನಿರಾಶ್ರಿತರು ಬಂದಾಗ ರಾಜ್ಯ ಅವರಿಗೆ ಸುಮಾರು 3,000 ಎಕರೆಯನ್ನು ಗುತ್ತಿಗೆಗೆ ಕೊಟ್ಟಿತು. ಇಲ್ಲಿ ಕಂಪನಿಗಳು ಬಂದಾಗ ರೈತರು 13,000 ಎಕರೆಯನ್ನು ಗುತ್ತಿಗೆಗೆ ಕೊಟ್ಟರು. ನೆಲ ಕೇಳಿಕೊಂಡು ಬಂದವರು ಯಾರು, ಕೊಟ್ಟವರು ಯಾರು? ಆ ಕಂಪನಿಗಳಿಗೂ ಒಂದು ಭಯವಿತ್ತು, ಸಕಾರಣವಾದ ಭಯ. 2013ರ ಭೂಸ್ವಾಧೀನ ಕಾಯ್ದೆ. ಜಮೀನನ್ನು ಸ್ವಾಧೀನ ಮಾಡಿಕೊಂಡರೆ ಒಡೆಯನಿಗೆ ಪರಿಹಾರ ಕೊಟ್ಟರೆ ಸಾಲದು. ಮೂರು ವರ್ಷದಿಂದ ಆ ನೆಲವನ್ನು ನಂಬಿ ಬದುಕಿದ ಕೂಲಿಯವರನ್ನೂ, ಗೇಣಿಯವರನ್ನೂ ಬಾಧಿತ ಕುಟುಂಬ ಅಂತ ಲೆಕ್ಕ ಹಿಡಿಯಬೇಕು, ಪುನರ್ವಸತಿ ಮಾಡಬೇಕು. ಗುತ್ತಿಗೆಯಲ್ಲಿ ಆ ರಗಳೆ ಇಲ್ಲ. ಕೊಂಡಿಲ್ಲ, ಆದ್ದರಿಂದ ಯಾರೂ ಕಳಕೊಂಡಿಲ್ಲ. ಕಾಯ್ದೆಯ ಕಿರುಕುಳದಿಂದ ತಪ್ಪಿಸಿಕೊಂಡು ಬಂದ ಈ ಬಡ ಬಂಡವಾಳಕ್ಕೆ ಬಲಸಮುದ್ರ ಆಶ್ರಯ ಕೊಟ್ಟಿತು. ತಂತಿಬೇಲಿ, ಕಾವಲು, ರಸ್ತೆ, ಎಲ್ಲವೂ ಸಿಕ್ಕಿದೆ. ಪುನರ್ವಸತಿ ಇಷ್ಟು ಅಚ್ಚುಕಟ್ಟಾಗಿ ನಡೆದ ಉದಾಹರಣೆ ಜಿನೀವಾದವರಿಗೂ ಸಿಕ್ಕಲಾರದು.

ಸಂಶೋಧಕರು ಇದನ್ನು ಬರೆದುಕೊಳ್ಳಲಿಲ್ಲ. ಅವರಿಗೆ ಅಷ್ಟರಲ್ಲಿ ಇನ್ನೂ ಒಳ್ಳೆಯದು ಸಿಕ್ಕಿತ್ತು. ಆಸ್ಟ್ರೇಲಿಯಾದ ಗ್ಲೆನ್ ಆಲ್ಬ್ರೆಕ್ಟ್ ಎಂಬ ತತ್ವಶಾಸ್ತ್ರಜ್ಞ ಹಂಟರ್ ಕಣಿವೆಯ ಕಲ್ಲಿದ್ದಲ ಗಣಿಗಳ ಸುತ್ತಲಿನ ಜನರನ್ನು ನೋಡಿ ಒಂದು ಪದ ಕಟ್ಟಿದರು, ಸೊಲಾಸ್ಟಾಲ್ಜಿಯಾ. ಮನೆಯಲ್ಲೇ ಇದ್ದೂ ಮನೆ ದೂರವಾದ ಸಂಕಟ. ಊರು ಬಿಟ್ಟದ್ದು ನೀವಲ್ಲ, ಊರೇ ನಿಮ್ಮನ್ನು ಬಿಟ್ಟು ಹೋದದ್ದು. ಅಲ್ಲಿ ಕಲ್ಲಿದ್ದಲಿನಿಂದ ಬಂದ ಸಂಕಟ, ಇಲ್ಲಿ ಕಲ್ಲಿದ್ದಲಿಗೆ ಕಂಡುಹಿಡಿದ ಮದ್ದಿನಿಂದ. ಪದದ ಮೊದಲಲ್ಲೇ ಸೋಲಾರ್ ಅಂತ ಅರ್ಧ ಕೇಳಿಸುತ್ತದೆ ಬೇರೆ. ಪ್ರಬಂಧದ ಶೀರ್ಷಿಕೆ ಅಲ್ಲೇ ಹುಟ್ಟಿತು. ತಾತನಿಗೆ ಆ ಪದವನ್ನು ಹೇಳಿಕೊಟ್ಟರು. ತಾತ ಎರಡು ಸಲ ಪ್ರಯತ್ನಿಸಿ, "ಎಕರೆಗೆ ಎಷ್ಟು ಸಾರ್ ಅದಕ್ಕೆ?" ಅಂದ.

ಮಾರನೆಯ ದಿನ ವಾಪಸು ಹೋಗುವ ಬಸ್ಸು. ಕಿಟಕಿಯ ಪಕ್ಕ ಒಬ್ಬ ಹುಡುಗ, ಕಾಲ ಬಳಿ ಅರ್ಧ ಚೀಲ ರಾಗಿಹಿಟ್ಟು, ತೊಡೆಯ ಮೇಲೆ ಇಸ್ತ್ರಿ ಮಾಡಿ ಮಡಿಸಿದ ನೀಲಿ ಅಂಗಿ, ಭುಜದ ಮೇಲೆ ಸೆಕ್ಯುರಿಟಿ ಅಂತ ಹೊಲಿದದ್ದು. ಟ್ಯಾಬಿನಲ್ಲಿ ಇನ್ನೊಂದು ನಮೂನೆ ಖಾಲಿ ಉಳಿದಿತ್ತು. ಸಂಶೋಧಕರು ಗಂಟಲು ಸರಿಮಾಡಿಕೊಂಡರು.

"ಬೆಂಗಳೂರಿಗಾ?"

"ಹೂಂ ಸಾರ್."

"ಊರು ಬಿಟ್ಟಿದ್ದೀರಾ?"

"ಇಲ್ಲ ಸಾರ್, ಮನೆ ಇಲ್ಲೇ ಐತೆ. ಅಜ್ಜಿ ಅವ್ಳೆ. ಹಬ್ಬಕ್ಕೆ ಬತ್ತೀನಿ."

"ಬಲವಂತವಾಗಿ ಹೋಗ್ತಾ ಇದ್ದೀರಾ?"

"ಇಲ್ಲ ಸಾರ್," ಅಂದ ಹುಡುಗ. "ಮಧುಗಿರಿ ಮೇಲೆ."